ಮಾವನವರ ಎಡಗಣ್ಣು

ತಪ್ಪು ಇಷ್ಟೇ. ಮೂರು ಪವರ್ ಸಪ್ಲೈಗಳ ಮೈನಸ್ ತಂತಿಗಳನ್ನು ಒಂದಕ್ಕೊಂದು ಕೂಡಿಸಬೇಕಿತ್ತು. ಅಳಿಯರಾಯ ಎರಡನ್ನು ಕೂಡಿಸಿದ. ಮೂರನೆಯದನ್ನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅತ್ತೆ ಒಳಗೆ ಬಂದರು, ತಂತಿ ಜಾರಿಬಿತ್ತು.

ಅತ್ತೆ ಬಂದರೆ ಜಾರುವುದು ತಂತಿಯೊಂದೇ ಅಲ್ಲ, ಅವನ ಧೈರ್ಯವೂ ಜಾರುತ್ತದೆ. ಅವರ ಮನೆಯ ಕೆಳಗಿನ ಕೋಣೆಯಲ್ಲಿ ದೀಪದ ಬೋರ್ಡು ಮಾಡುತ್ತ ಅವನು ಒಂದು ವರ್ಷ ಕಳೆದಿದ್ದ. ಒಂದಾದರೂ ನೆಟ್ಟಗೆ ಹತ್ತಿರಲಿಲ್ಲ. ಕೂರಲು ಬೇರೆ ಜಾಗವಿಲ್ಲ, ಬೇರೆ ಕೆಲಸ ಬಾರದು. ಬೆಳಿಗ್ಗೆ ಅತ್ತೆ ಕಡ್ಡಿ ಮುರಿದಂತೆ ಹೇಳಿದ್ದರು: "ಇವತ್ತು ಅದರಲ್ಲಿ ನಿಮ್ಮ ಮಾವನ ಮುಖ ಕಾಣಿಸ್ಬೇಕು. ಕಂಡ್ರೆ ರೂಮು ನಿಂದು. ಇಲ್ದಿದ್ರೆ ಸಂಜೆಯೊಳಗೆ ಗಂಟುಮೂಟೆ ಕಟ್ಟು."

ತೀರಿಹೋದ ಮಾವ ಅಚ್ಚಿನ ಮನೆಯಲ್ಲಿ ತಪ್ಪು ಹುಡುಕುತ್ತ ನಲವತ್ತು ವರ್ಷ ಕಳೆದವರು. ಅಳಿಯ ಬಂದ ಮೇಲೆ ಅದೇ ಕೆಲಸವನ್ನು ಮನೆಯಲ್ಲೂ ಮುಂದುವರಿಸಿದ್ದರು. ಅವರು ಕಣ್ಣು ಮಿಟುಕಿಸಿದ್ದನ್ನು ಕಂಡವರಿಲ್ಲ.

ಅಂಥ ಮುಖಕ್ಕೆ ಎರಡು ಸಾವಿರ ಪುಟಾಣಿ ಎಲ್‌ಇಡಿ. ಒಂದೇ ಸಪ್ಲೈ ಕೊಟ್ಟರೆ ಹಣೆಯಲ್ಲಿ ಬೆಳ್ಳಗಿದ್ದ ಬೆಳಕು ಗದ್ದ ಮುಟ್ಟುವಾಗ ಸೊರಗಿ ಕೆಂಪಾಗುತ್ತದೆ, ಮಾವ ನಾಚಿಕೊಂಡಂತೆ ಕಾಣುತ್ತಾರೆ. ಅದಕ್ಕೇ ಹಣೆಗೊಂದು, ಕಣ್ಣಿಗೊಂದು, ಬಾಯಿಗೊಂದು ಸಪ್ಲೈ. ಮೂರಕ್ಕೂ ನೆಲ, ಅಂದರೆ ಮೈನಸ್ ತಂತಿಯ ಗ್ರೌಂಡು, ಒಂದೇ ಆದರೆ ಮಾತ್ರ ಸಿಗ್ನಲ್ಲಿನ ಮಾತು ಎಲ್ಲಕ್ಕೂ ತಿಳಿಯುತ್ತದೆ.

"ಗ್ರೌಂಡ್ ಒಂದು ಬಾಕಿ ಇದೆ ಅತ್ತೆ..."

"ಗ್ರೌಂಡ್ ಫ್ಲೋರಲ್ಲೇ ನಿಂತಿದೀಯಲ್ಲೋ! ಇನ್ಯಾವ ಗ್ರೌಂಡು? ಹಾಕು ಸ್ವಿಚ್ಚು."

ಹಾಕಿದ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಾವನ ಮುಖ ಗೋಡೆಯಗಲ ಮೂಡಿತು. ಅದೇ ಹಣೆ, ತಪ್ಪು ಹುಡುಕುವ ಅದೇ ನೋಟ. ಅತ್ತೆ ಸೆರಗು ಹೊದ್ದುಕೊಂಡರು. ಬೆಳಕಿನ ವಾಸನೆ ಹಿಡಿದವರಂತೆ ಮಹಡಿಯ ಟೈಲರಮ್ಮ, ಪಕ್ಕದ ಮನೆಯ, ತೂಕ-ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರ್ ಇಬ್ಬರೂ ಒಳಗೆ ನುಗ್ಗಿದರು.

"ಥೇಟ್ ಅವರೇ!" ಎಂದು ಟೈಲರಮ್ಮ ಚೌಕಟ್ಟು ಮುಟ್ಟಿದಳು.

ಮಾವನ ಎಡಗಣ್ಣು ನಿಧಾನವಾಗಿ ಮುಚ್ಚಿತು, ತೆರೆಯಿತು. ಟೈಲರಮ್ಮ ಕೈ ಹಿಂದೆಳೆದುಕೊಂಡಳು.

"ನಿಂಗ್ಯಾಕೆ ಕಣ್ಣು ಹೊಡೆದ್ರು?" ಅತ್ತೆ ಕೇಳಿದರು.

"ಅಯ್ಯೋ, ನಂಗೇನ್ ಗೊತ್ತು? ಒಂದ್ಸಲ ಪ್ಯಾಂಟಿನ ಅಳತೆ ತಗೊಂಡಿದ್ದೆ, ಅಷ್ಟೇ."

"ಅಳತೆ ಬೇರೆ!"

ಅಳಿಯನಿಗೆ ಗುಟ್ಟು ಗೊತ್ತಿತ್ತು. ನೆಲ ಸಿಗದ ಸಿಗ್ನಲ್ಲು ಯಾರ ಮೈ ಸಿಕ್ಕಿದರೂ ಅದನ್ನೇ ನೆಲ ಅಂದುಕೊಳ್ಳುತ್ತದೆ. ಹೇಳಲು ಬಾಯಿ ತೆರೆದ. ಹೇಳಿದರೆ ಬೋರ್ಡು ಕೆಟ್ಟಿದೆಯೆಂದು ಒಪ್ಪಿದಂತೆ, ಕೋಣೆಗೆ ಎಳ್ಳುನೀರು. ಬಾಯಿ ಮುಚ್ಚಿದ.

ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡರು. "ಏನೋ ಹೇಳೋಕೆ ಬಂದಿದಾರೆ ಕಣಮ್ಮ. ಕೇಳಿ ನೋಡಿ. ಹೌದಾದ್ರೆ ಒಂದ್ಸಲ ಕಣ್ಣು ಮಿಟುಕಿಸಲಿ."

ವರ್ಷದಲ್ಲಿ ಮೊದಲ ಸಲ ಅಳಿಯನ ತಲೆಯಲ್ಲಿ ದೀಪ ನೆಟ್ಟಗೆ ಹತ್ತಿತು. "ಸಪ್ಲೈ ಬಿಸಿಯಾಗಿದೆಯಾ ನೋಡ್ತೀನಿ," ಎಂದು ಚೌಕಟ್ಟಿನ ಹಿಂದೆ ಸರಿದು, ಜಾರಿದ್ದ ತಂತಿಯನ್ನು ಹಿಡಿದ.

"ರೀ, ನೀವೇನಾ?" ಅತ್ತೆಯ ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು.

ಅಳಿಯ ತಂತಿ ಹಿಸುಕಿದ. ಕಣ್ಣು ಮಿಟುಕಿತು. ಅತ್ತೆ ಅತ್ತುಬಿಟ್ಟರು. ಅಳಿಯನಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೂ ತಂತಿ ಬಿಡಲಿಲ್ಲ.

"ಈ ರೂಮು ಅಳಿಯಂಗೇ ಕೊಟ್ಬಿಡ್ಲಾ?"

ಹಿಸುಕಿದ. ಏನೂ ಆಗಲಿಲ್ಲ. ಎರಡೂ ಕೈಯಲ್ಲಿ ಹಿಸುಕಿದ. ಐದೇ ವೋಲ್ಟು ತಾನೇ ಎಂದು ಹಲ್ಲಿನಲ್ಲೂ ಕಚ್ಚಿದ.

"ರೆಪ್ಪೆ ಕೂಡ ಅಲ್ಲಾಡ್ಲಿಲ್ಲ," ಇನ್ಸ್‌ಪೆಕ್ಟರ್ ತೂಗಿ ಹೇಳಿದರು.

"ಹಾಗಾದ್ರೆ ಇವತ್ತೇ ಖಾಲಿ ಮಾಡಿಸ್ಲಾ?"

ಇದಕ್ಕೆ ಮಾತ್ರ ಕಣ್ಣು ಮಿಟುಕಬಾರದು. ಅಳಿಯ ತಂತಿ ಬಿಸುಟು, ಮೂರೂ ಸಪ್ಲೈಗಳ ಒಂದೇ ಪ್ಲಗ್ಗನ್ನು ಗೋಡೆಯಿಂದ ಕಿತ್ತ. ಫ್ಯಾನುಗಳ ಗುಂಯ್ ಸದ್ದು ನಿಂತಿತು, ಮುಖ ಆರಿತು. ಒಳಗುಳಿದ ಕರೆಂಟು ಎರಡು ಸೆಕೆಂಡು ಇದ್ದೀತು ಎಂದು ಹತ್ತರವರೆಗೆ ಎಣಿಸಿ, ಮುಂದಕ್ಕೆ ಇಣುಕಿದ.

ಕತ್ತಲಲ್ಲಿ ಎಡಗಣ್ಣೊಂದೇ ಹೊತ್ತಿಕೊಂಡಿತು. ಅವನತ್ತ ಹೊರಳಿತು. ಸಾವಕಾಶವಾಗಿ ಮುಚ್ಚಿ ತೆರೆಯಿತು.

"ಎಷ್ಟು ಸ್ಪಷ್ಟವಾಗಿ ಹೇಳಿದ್ರು ನೋಡಿ!" ಎಂದರು ಇನ್ಸ್‌ಪೆಕ್ಟರ್.

ಅತ್ತೆ ಕಣ್ಣೊರೆಸಿಕೊಂಡರು. "ಕೇಳಿಸ್ತೇನೋ? ಗಂಟು ಕಟ್ಟು. ಇವರನ್ನ ಮಾತ್ರ ಇಲ್ಲೇ ಬಿಡು, ಇನ್ನು ಈ ರೂಮು ಇವರದ್ದು. ಮತ್ತೆ, ದಯವಿಟ್ಟು ಆರಿಸ್ಬೇಡ."

ಅಳಿಯ ತನ್ನ ಮುಷ್ಟಿಯತ್ತ ನೋಡಿಕೊಂಡ. ಪ್ಲಗ್ಗು ಇನ್ನೂ ಅವನ ಕೈಯಲ್ಲೇ ಇತ್ತು.