ಬೀಗರಿಗೆ ಕರಿದ ಟರ್ಕಿ ಕೋಳಿ

ಅನುಮಾನ ನನ್ನ ಹುಟ್ಟುಗುಣವೋ ಹೊಟ್ಟೆಪಾಡಿನಿಂದ ಅಂಟಿಕೊಂಡದ್ದೋ ನನಗೇ ಗೊತ್ತಿಲ್ಲ. ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ ನನ್ನದು. ತಯಾರಾಗಿ ಬಂದದ್ದನ್ನೆಲ್ಲ ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ಏನೋ ಐಬಿದೆ" ಎಂದು ಹೇಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಇಂಥವನು ಸಂಜೆ ಮಂಡ್ಯದ ಮನೆಗೆ ಬಂದಾಗ ಚಪ್ಪಲಿಯ ಜೊತೆ ಬುದ್ಧಿಯನ್ನೂ ಹೊರಗೆ ಬಿಟ್ಟು ಬರಲು ಆಗುತ್ತದೆಯೆ? ಕಾಫಿ ಚೆನ್ನಾಗಿದ್ದರೆ ನನ್ನ ಹೆಂಡತಿ ಸರೋಜ ಏನೋ ಕೇಳಲಿದ್ದಾಳೆ ಎಂದು ಅನುಮಾನ. ಚೆನ್ನಾಗಿಲ್ಲದಿದ್ದರೆ ಆಗಲೇ ಕೇಳಿದ್ದಾಳೆ, ನಾನು ಮರೆತಿದ್ದೇನೆ ಎಂದು ಅನುಮಾನ. ಅಂಥ ನನ್ನ ಹಿತ್ತಲಿನಲ್ಲೇ, ನನ್ನ ಕಣ್ಣೆದುರಿಗೇ ಒಂದು ಟರ್ಕಿ ಕೋಳಿ ಕೆಟ್ಟುಹೋಯಿತು ಎಂದರೆ ಸುಮ್ಮನೆ ಬಿಟ್ಟೇನೆ?

ಮಗಳು ಪವಿತ್ರಳನ್ನು ಮಳವಳ್ಳಿಗೆ ಕೊಟ್ಟಿದ್ದೇವೆ. ಮದುವೆಯಾದ ವಾರಕ್ಕೆ ಬೀಗರಾದ ನಿಂಗೇಗೌಡರು ಅಲ್ಲಿ ಭರ್ಜರಿ ಬೀಗರೂಟ ಹಾಕಿಸಿದರು. ಕೈ ತೊಳೆಯುವಾಗ ನನ್ನ ಭುಜ ತಟ್ಟಿ, "ಇನ್ ನಿಮ್ ಸರದಿ ಬೀಗ್ರೆ, ನೋಡುಮ" ಎಂದರು. ಆ "ನೋಡುಮ" ನನ್ನ ನಿದ್ದೆ ಕೆಡಿಸಿತು. ನಮ್ಮ ಸೀಮೆಯಲ್ಲಿ ಬೀಗರಿಗೆ ಹಾಕುವ ಊಟ ಊಟವಲ್ಲ, ಪರೀಕ್ಷೆ. ಅಲ್ಲಿ ಆದ ಎಡವಟ್ಟನ್ನು ಜನ ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾರೆ. ಇದಕ್ಕೆ ನಾನೇ ಸಾಕ್ಷಿ. ಮೂವತ್ತು ವರ್ಷದ ಹಿಂದೆ ನನ್ನ ಮಾವನವರು ದುದ್ದದಲ್ಲಿ ನಮ್ಮ ಕಡೆಯವರನ್ನು ಕರೆದು ಊಟ ಹಾಕಿಸಿದಾಗ ಮುದ್ದೆ ಗಂಟುಗಂಟಾಗಿತ್ತು. ನನ್ನ ಹುಟ್ಟೂರು ಸೋಮನಹಳ್ಳಿಯಿಂದ ಹೋಗಿದ್ದ ನಮ್ಮ ನೆಂಟರು ಅದನ್ನು ನುಂಗಲಾರದೆ ನುಂಗಿದರು. ಅಂದಿನಿಂದ ಸರೋಜ ನನ್ನ ತಪ್ಪೊಂದನ್ನು ಎತ್ತಿದರೆ ಸಾಕು, "ನಿಮ್ಮಪ್ಪನ ಮುದ್ದೆಗಿಂತ ವಾಸಿ ಬಿಡು" ಎಂದು ಬಾಯಿ ಮುಚ್ಚಿಸುತ್ತ ಬಂದಿದ್ದೇನೆ. ಮಾವನವರು ತೀರಿಕೊಂಡು ವರ್ಷಗಳಾದವು, ಅವರ ಮುದ್ದೆ ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಬದುಕಿದೆ. ಇದೇ ನನ್ನ ಹೆದರಿಕೆಗೆ ಕಾರಣ. ನನ್ನ ಊಟದಲ್ಲಿ ಹೆಚ್ಚುಕಡಿಮೆಯಾದರೆ ಮಳವಳ್ಳಿಯಲ್ಲಿ ನನ್ನ ಮಗಳು ಇದೇ ರೀತಿ ಮೂವತ್ತು ವರ್ಷ ಮಾತು ಕೇಳಬೇಕಲ್ಲ!

ಆದ್ದರಿಂದ ಬೀಗರು ಜನ್ಮದಲ್ಲಿ ಕಂಡಿರದ ಅಡುಗೆಯನ್ನೇ ಬಡಿಸಿ ಅವರ ಬಾಯಿ ಕಟ್ಟಬೇಕೆಂದು ನಿಶ್ಚಯಿಸಿದೆ. ಯಾವುದೋ ದೇಶದವನೊಬ್ಬ ಇಡೀ ಟರ್ಕಿ ಕೋಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ, ಹೊಂಬಣ್ಣಕ್ಕೆ ಕರಿದು, ಪೇಟ ತೊಡಿಸಿದ ಮದುಮಗನಂತೆ ತಟ್ಟೆಯಲ್ಲಿ ಕೂರಿಸುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ಸರೋಜಳಿಗೆ ಹೇಳಿದೆ.

"ನಾಟಿ ಕೋಳಿ ಸಾರು, ಮುದ್ದೆ ಮಾಡ್ತೀನಿ, ಸುಮ್ಕಿರಿ. ಅವ್ರೇನು ಕೋಳಿ ಕಾಣ್ದೋರಾ?" ಎಂದಳು.

"ಕೋಳಿ ಕಂಡವ್ರೆ, ಟರ್ಕಿ ಕಂಡಿಲ್ಲ" ಎಂದೆ.

"ಏನಾರ ಮಾಡ್ಕೊಳಿ" ಎಂದು ಸೆರಗು ಕೊಡವಿ ಒಳಗೆ ಹೋದಳು. ಅವಳು ಅಷ್ಟು ಬೇಗ ಒಪ್ಪಿದ್ದು ಆಗಲೇ ನನ್ನ ಮನಸ್ಸಿನಲ್ಲಿ ದಾಖಲಾಯಿತು.

ನನ್ನ ಭಾಮೈದ ಮಾದೇಶ ದುದ್ದದಲ್ಲಿ ಟರ್ಕಿ ಸಾಕುವ ಕೆಂಪಮ್ಮ ಎನ್ನುವವರಿಂದ ಒಂದನ್ನು ಕೊಂಡು ಬೈಕಿನ ಹಿಂದೆ ಕಟ್ಟಿಕೊಂಡು ತಂದ. ಅದು ಎರಡು ದಿನ ನಮ್ಮ ಹಿತ್ತಲಿನಲ್ಲಿ ಕತ್ತು ಕೊಂಕಿಸಿ ನನ್ನನ್ನೇ ಓರೆಗಣ್ಣಿನಿಂದ ನೋಡುತ್ತಿತ್ತು. ನನಗಿಂತ ಹೆಚ್ಚು ಅನುಮಾನವಿರುವ ಪ್ರಾಣಿಯನ್ನು ನಾನು ನೋಡಿದ್ದು ಅದೇ ಮೊದಲು.

ಭಾನುವಾರ ಬಂತು. ಶಾಮಿಯಾನದವರ ಅಂಗಡಿಯಿಂದ ಮದುವೆ ಬಾಣಲೆ ತಂದು ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿದೆವು. ಕೊಯ್ದು ಹಸನು ಮಾಡಿದ ಕೋಳಿಗೆ ಸರೋಜ ಅರಿಶಿನ, ಉಪ್ಪು, ಖಾರ ಹಚ್ಚಿಕೊಟ್ಟಳು. ಮಾದೇಶ ಉರಿ ನೋಡಿಕೊಳ್ಳಲು ಕೂತ. ಕರಿದದ್ದನ್ನು ಬಿಸಿಬಿಸಿಯಾಗಿ ತಿನ್ನಬೇಕು, ಬೀಗರು ಬಾಗಿಲಿಗೆ ಬರುವುದಕ್ಕೂ ಕೋಳಿ ಎಣ್ಣೆಯಿಂದ ಏಳುವುದಕ್ಕೂ ಸರಿಹೋಗಬೇಕು ಎಂಬುದು ನನ್ನ ಲೆಕ್ಕಾಚಾರ. ಹನ್ನೊಂದೂವರೆಗೆ ಬೀಗರ ಫೋನು ಬಂತು. "ದೊಡ್ಡಿ ಬುಟ್ಟೊ ಕಣ್ ಬೀಗ್ರೆ, ಇನ್ನೇನು ಬಂದೇ ಬುಟ್ಟೊ." ದೊಡ್ಡಿ ಎಂದರೆ ಮಳವಳ್ಳಿಗೂ ಮದ್ದೂರಿಗೂ ನಡುವೆ ಸಿಗುವ ಊರು. ಅಲ್ಲಿಂದ ಮಂಡ್ಯಕ್ಕೆ ಮುಕ್ಕಾಲು ಗಂಟೆ. ಕೋಳಿಯನ್ನು ಎಣ್ಣೆಗೆ ಬಿಟ್ಟೆ. ಅರ್ಧ ಬಣ್ಣ ಬಂದಿತ್ತು, ಬೀಗರ ಸುಳಿವಿಲ್ಲ. ನಾನೇ ಫೋನು ಮಾಡಿದೆ. "ಮದ್ದೂರಲ್ಲಿ ಒಂಚೂರು ವಡೆ ತಿಂತಾ ಇವಿ ಬೀಗ್ರೆ" ಎಂದರು. "ಎಳಿಲಾ ಸೌದೆನ!" ಎಂದು ಮಾದೇಶನಿಗೆ ಕೂಗಿ ಕೋಳಿಯನ್ನು ಮೇಲಕ್ಕೆತ್ತಿದೆ. ಮತ್ತೆ ಫೋನು. "ಗೆಜ್ಜಲಗೆರೆ ದಾಟ್ತಾ ಇವಿ." ಅಲ್ಲಿಂದ ನಮ್ಮ ಮನೆಗೆ ಇಪ್ಪತ್ತು ನಿಮಿಷ. "ಹಾಕ್ಲಾ ಉರಿನ!" ಎಂದು ಮತ್ತೆ ಬಿಟ್ಟೆ. ಅರ್ಧ ಗಂಟೆಯಾದರೂ ಯಾರೂ ಬರಲಿಲ್ಲ. ಎತ್ತಿದೆ. ಕೊನೆಗೆ ಎರಡೂವರೆಗೆ ಬೀದಿಯ ತುದಿಯಲ್ಲಿ ಕಾರಿನ ಹಾರನ್ನು ಕೇಳಿದಾಗ, ದಗದಗ ಉರಿಯಲ್ಲಿ ಮೂರನೆಯ ಸಲ ಬಿಟ್ಟೆ. ಇಷ್ಟು ಚುರುಕಾಗಿ, ಇಷ್ಟು ಮುತುವರ್ಜಿಯಿಂದ ನಾನು ಕಾರ್ಖಾನೆಯಲ್ಲೂ ಕೆಲಸ ಮಾಡಿದವನಲ್ಲ. ಬೀಗರು ಎಣ್ಣೆ ಜಿನುಗುವ ಮದ್ದೂರು ವಡೆಯ ಪೊಟ್ಟಣವೊಂದನ್ನು ನನ್ನ ಕೈಗಿತ್ತು, ಕಾಲು ತೊಳೆದು ಒಳಗೆ ಬಂದರು.

ಟರ್ಕಿ ಎಲೆಯ ಮುಂದೆ ಬಂದಾಗ ರಸ್ತೆಗೆ ಹಾಕುವ ಡಾಂಬರಿನ ಬಣ್ಣಕ್ಕಿತ್ತು. ಚಾಕು ಇಳಿಯಲಿಲ್ಲ. ಮಾದೇಶ ಮಚ್ಚು ತಂದ. ಮೇಲಿನ ಮಾಂಸ ತೆಂಗಿನ ನಾರು, ತೊಡೆಯ ಮೂಳೆಯ ಹತ್ತಿರ ಇನ್ನೂ ಹಸಿ. ನಿಂಗೇಗೌಡರು ಒಂದು ಚೂರನ್ನು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, "ಬೀಗ್ರೆ, ಬೇಜಾರ್ ಮಾಡ್ಕೋಬ್ಯಾಡಿ, ಇದು ಸುಟ್ಟಿದ್ದಾ, ಹಸೀದಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ಪವಿತ್ರ ಮಾತ್ರ ನಗಲಿಲ್ಲ, ತಲೆ ತಗ್ಗಿಸಿ ನೀರು ಬಡಿಸುತ್ತ ಹೋದಳು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅಷ್ಟರಲ್ಲಿ ಸರೋಜ ಒಳಗಿನಿಂದ ಒಂದು ಪಾತ್ರೆ ತುಂಬ ನಾಟಿ ಕೋಳಿ ಸಾರು, ಹಿಂದೆಯೇ ಹಬೆಯಾಡುವ ಮುದ್ದೆ ತಂದಳು. ಬೀಗರು ಎರಡು ಮುದ್ದೆ ಉಂಡು ತೇಗಿದರು. ಮಾನ ಅರ್ಧ ಉಳಿಯಿತು. ಆದರೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಟರ್ಕಿ ಕೆಡುತ್ತದೆಂದು ಇವಳಿಗೆ ಮೊದಲೇ ಹೇಗೆ ಗೊತ್ತಿತ್ತು?

ಮಾರನೆಯ ದಿನ ರಜೆ ಹಾಕಿ ತನಿಖೆಗೆ ಇಳಿದೆ. ಮೊದಲು ಮಾದೇಶನನ್ನು ಹಿಡಿದೆ. ಅಕ್ಕನ ಮಾತು ಕೇಳಿ ಉರಿ ಏರುಪೇರು ಮಾಡಿರಬೇಕು ಎಂಬುದು ನನ್ನ ಗುಮಾನಿ. "ನಿಜ ಹೇಳ್ಲಾ, ಬೆಂಕಿ ಏನ್ ಮಾಡ್ದೆ?" ಎಂದೆ. "ಅಯ್ಯೋ ಭಾವ, ನೀವೇ ಹಾಕ್ಲಾ ಅಂದ್ರಿ, ನೀವೇ ಎಳಿಲಾ ಅಂದ್ರಿ. ಸೌದೆನೂ ಒಳಿಕ್ಕೂ ಹೊರಿಕ್ಕೂ ಓಡಾಡ್ತು, ಕೋಳಿನೂ ಓಡಾಡ್ತು. ನಾನ್ ಮಾತ್ರ ಕೂತಿದ್ದೆ" ಎಂದ. ಕೂತಿದ್ದೆ ಎಂದು ತಾನೇ ಒಪ್ಪಿಕೊಂಡನಲ್ಲ, ಅದನ್ನೂ ಮನಸ್ಸಿನಲ್ಲಿ ಬರೆದುಕೊಂಡೆ. ಅಲ್ಲಿಂದ ನೇರ ದುದ್ದಕ್ಕೆ ಹೋದೆ. ಮುದಿ ಕೋಳಿಯನ್ನು ಎಳೆಯದೆಂದು ಸಾಗಹಾಕಿರಬೇಕು ಎಂದು ಕೆಂಪಮ್ಮನವರ ಮೇಲೆ ಸಂಶಯ. ಅವರು ಸೊಂಟಕ್ಕೆ ಕೈಯಿಟ್ಟುಕೊಂಡು, "ಏಳ್ ತಿಂಗಳ್ದು ಕಣಪ್ಪ ಅದು, ಮುದಿ ಅಂತೀಯಲ್ಲ! ಎಣ್ಣೆಗೆ ಎಷ್ಟ್ ಸಲ ಬುಟ್ಟೆ?" ಎಂದು ನನ್ನನ್ನೇ ಕೇಳಿದರು. "ಮೂರು ಸಲ" ಎಂದೆ. "ಮೂರ್ ಸಲ ಬುಟ್ರೆ ಬೆಣ್ಣೆನೂ ಕಲ್ಲಾಯ್ತದೆ, ಓಗಪ್ಪ" ಎಂದರು. ಮಾತು ಮರೆಸುವುದರಲ್ಲಿ ಗಟ್ಟಿಗಿತ್ತಿ ಎಂದುಕೊಂಡು ವಾಪಸ್ಸು ಬಂದೆ.

ಸಂಜೆ ಪವಿತ್ರಳಿಗೆ ಫೋನು ಮಾಡಿದೆ. ಟರ್ಕಿಯ ಮಾತು ಅಲ್ಲಿ ಎಷ್ಟು ನಡೆದಿದೆ ಎಂದು ತಿಳಿಯುವುದು ನನ್ನ ನಿಜವಾದ ಉದ್ದೇಶ. "ಸಾರು ಚೆನ್ನಾಗಿತ್ತು ಅಂತಾನೇ ಅಂತಾವ್ರೆ ಅಪ್ಪ. ಟರ್ಕಿ ಬಗ್ಗೆ ಒಂದೆರಡು ಸಲ ನಕ್ಕರು" ಎಂದಳು. ಆಮೇಲೆ ದನಿ ತಗ್ಗಿಸಿ, "ತಪ್ಪು ನಿಮ್ದಲ್ಲ ಬುಡಿ. ದೊಡ್ಡಿ ಬುಟ್ಟೊ ಅಂತ ಮಾವ ನಿಮ್ಗೆ ಫೋನ್ ಮಾಡ್ದಾಗ ಅವ್ರು ಇನ್ನೂ ಮನೇಲೇ ಟವೆಲ್ ಸುತ್ಕೊಂಡಿದ್ರು. ಗೆಜ್ಜಲಗೆರೆ ಅಂದಾಗ ಎರಡನೇ ವಡೆ ತಿಂತಿದ್ರು. ಅತ್ತೆ ಪಕ್ಕದಲ್ಲಿ ಕೂತು ನಾನೇನ್ ಹೇಳಾಕಾಯ್ತದೆ?" ಎಂದಳು.

ಸಿಕ್ಕಿಬಿದ್ದ ಕಳ್ಳ! ಫೋನು ಇಟ್ಟವನೇ ಅಡುಗೆಮನೆಗೆ ಓಡಿ, "ಗೊತ್ತಾಯ್ತು ಕಣೆ, ಇದೆಲ್ಲ ಬೀಗರ ಕಿತಾಪತಿ. ಬರುವ ಮನುಷ್ಯ ಸರಿಯಾದ ಹೊತ್ತಿಗೆ ಬರಬೇಡವೆ? ಕೆಲಸ ಗೊತ್ತಿದ್ದವನ ಅಡುಗೆಯನ್ನೂ ಕೆಡಿಸಿಬಿಟ್ಟರಲ್ಲ!" ಎಂದು ಕೂಗಾಡಿದೆ.

ಸರೋಜ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅದ್ಕೇ ನಾನು ಸಾರು ಮಾಡಿದ್ದು. ಸಾರಾದ್ರೆ ಕಾಯ್ತದೆ. ಮುದ್ದೆಗೆ ಎಸರು ಇಟ್ಟಿದ್ದು ಕಾರು ಬಾಗ್ಲಲ್ಲಿ ನಿಂತ ಮೇಲೆ" ಎಂದಳು.

"ಅವರು ತಡ ಮಾಡ್ತಾರೆ ಅಂತ ನಿನಗೆ ಹೇಗೆ ಗೊತ್ತು?"

"ನಮ್ಮಪ್ಪನ್ನ ನೋಡಿದ್ನಲ್ಲ" ಎಂದಳು. ಸೊಪ್ಪು ಬಿಡಿಸುವ ಕೈ ನಿಂತಿತು. "ಹನ್ನೆರಡಕ್ಕೆ ಬತ್ತೀವಿ ಅಂತ ಹೇಳಿ ಕಳ್ಸಿದ್ರಿ. ನಾನು ಎರಡು ದಿನ ಮುಂಚೆನೇ ತವರಿಗೆ ಹೋಗಿದ್ದೆ. ಬೀದೀಲಿ ವ್ಯಾನಿನ ಸದ್ದಾದಾಗೆಲ್ಲ ನಮ್ಮಪ್ಪ ಬಂದ್ರು ಬಂದ್ರು ಅಂತ ಮುದ್ದೆ ಕಟ್ಸೋರು. ಎರಡು ಸಲ ಕಟ್ಸಿದ್ರು, ಎರಡು ಸಲನೂ ಆರೋಯ್ತು. ಮೂರನೇ ಸಲಕ್ಕೆ ರಾಗಿ ಹಿಟ್ಟು ಸಾಲ್ದೆ, ಆರಿದ್ ಮುದ್ದೇನೇ ಬಿಸಿನೀರಲ್ಲಿ ಕಲಸಿ ಕಟ್ಸಿದ್ರು. ಗಂಟಾಗ್ದೆ ಇನ್ನೇನಾದಾತು? ನೀವು ಬಂದಿದ್ದು ಮೂರ್ ಗಂಟೆಗೆ. ಕೈಯಲ್ಲಿ ನಂಗೆ ಅಂತ ಪೊಟ್ಟಣ ಇತ್ತು. ಮದ್ದೂರು ವಡೆ."

ಆ ಪೊಟ್ಟಣ ನನಗೆ ಚೆನ್ನಾಗಿ ನೆನಪಿತ್ತು. ಹೊಸ ಹೆಂಡತಿಗೆ ಪ್ರೀತಿಯಿಂದ ಒಯ್ದದ್ದು ಎಂದೇ ಇಷ್ಟು ವರ್ಷ ಹೆಮ್ಮೆಪಟ್ಟುಕೊಂಡಿದ್ದೆ. ಸೋಮನಹಳ್ಳಿಯಿಂದ ಹೊರಟ ವ್ಯಾನನ್ನು ಮದ್ದೂರಿನಲ್ಲಿ ನಿಲ್ಲಿಸಿದವನೂ ನಾನೇ, ಇನ್ನೊಂದು ಸುತ್ತು ವಡೆ ಹೇಳಿದವನೂ ನಾನೇ. ಅತ್ತ ದುದ್ದದಲ್ಲಿ ಆ ಹಿರಿಯರು ಬೀದಿಗೂ ಒಲೆಗೂ ಓಡಾಡುತ್ತಿದ್ದದ್ದು ಈಗ ನನ್ನ ಕಣ್ಣಿಗೆ ಕಟ್ಟಿತು. ಭಾನುವಾರ ನಾನು ಓಡಾಡಿದ್ದೂ ಹಾಗೆಯೇ. ನನಗೆ ತುಂಬ ನಾಚಿಕೆಯಾಯಿತು.

"ಮೂವತ್ತು ವರ್ಷದಿಂದ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ನಂಬ್ತಿದ್ರಾ? ಅನುಮಾನದ ಆಸಾಮಿ ನೀವು" ಎಂದು ಮತ್ತೆ ಸೊಪ್ಪಿಗೆ ಕೈಹಾಕಿದಳು. ಅವಳ ತುಟಿಯ ಮೂಲೆಯಲ್ಲಿ ಸಣ್ಣ ನಗುವಿತ್ತೆಂದು ನನ್ನ ಅನುಮಾನ. ಅಂದಿನಿಂದ ಮಾವನವರ ಮುದ್ದೆಯ ಸುದ್ದಿ ನಾನು ಎತ್ತಿಲ್ಲ.

ಹೋದ ಭಾನುವಾರ ಮಳವಳ್ಳಿಯ ಬೀಗರು ನಮ್ಮನ್ನು ಊಟಕ್ಕೆ ಕರೆದಿದ್ದರು. ಈ ಸಲ ಹೇಳಿದ ಹೊತ್ತಿಗೆ ಒಂದು ನಿಮಿಷ ತಡವಾಗಬಾರದು ಎಂದು ಬೆಳಗಿನಿಂದಲೇ ಎಲ್ಲರನ್ನೂ ಅವಸರಪಡಿಸಿ ಹೊರಡಿಸಿದೆ. ಮದ್ದೂರು ದಾಟುವಾಗ ಮಾತ್ರ, ಬರಿಗೈಯಲ್ಲಿ ಹೋಗಬಾರದಲ್ಲ ಎಂದು ಒಂದೇ ಒಂದು ನಿಮಿಷ ಇಳಿದೆ. ಪೊಟ್ಟಣ ಕಟ್ಟುವವರೆಗೆ ಸುಮ್ಮನೆ ನಿಲ್ಲುವುದೇಕೆಂದು ಒಂದು ವಡೆ ತಿಂದೆ, ಅದು ಗರಿಗರಿಯಾಗಿದ್ದುದರಿಂದ ಎರಡನೆಯದನ್ನು ಕೈಗೆತ್ತಿಕೊಂಡೆ. ಆಗಲೇ ನಿಂಗೇಗೌಡರ ಫೋನು ಬಂತು. "ಎಲ್ಲಿದ್ದೀರಾ ಬೀಗ್ರೆ?" ಎಂದರು.

ದೇವರಾಣೆಗೂ ನಾನು ಯೋಚಿಸಿ ಹೇಳಿದ್ದಲ್ಲ. "ದೊಡ್ಡಿ ಬುಟ್ಟೊ ಬೀಗ್ರೆ, ಇನ್ನೇನು ಬಂದೇ ಬುಟ್ಟೊ" ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು.

ಸರೋಜ ಕಾರಿನಿಂದ ಇಳಿದು ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ಇನ್ನೂ ಮದ್ದೂರಲ್ಲೇ ಅವ್ರೆ ಕಣಣ್ಣ, ವಡೆ ತಿಂತಾ" ಎಂದಳು. "ಮುದ್ದೆಗೆ ಎಸರು ಇಡಬ್ಯಾಡಿ."