ಹಿಮ್ಮಡಿಯಿಲ್ಲದ ಕಳ್ಳ

ನನ್ನ ಎರಡೂ ಮಂಡಿಗಳು ಸೇರಿ ನನ್ನ ಮೇಲೆ ಅವಿಶ್ವಾಸ ನಿರ್ಣಯ ಮಂಡಿಸಿದ್ದು ತೊಂಬತ್ತೆಂಟನೇ ಇಸವಿಯಲ್ಲಿ. "ಸಿಹಿ ಬಿಡಿ, ದಿನಾ ನಡೀರಿ" ಎಂದರು ತುರುವೇಕೆರೆಯ ಡಾಕ್ಟರು. ನನ್ನ ಹೆಂಡತಿ ವನಜಾಕ್ಷಿ ಅಂದೇ ತಿಪಟೂರಿಗೆ ಎಳೆದೊಯ್ದು ಬೂಟು ಕೊಡಿಸಿದಳು. ಬೂಟು ಹಾಕಿದರೆ ನನ್ನ ಕಾಲುಗಳಿಗೆ ಅದೇನು ಗತ್ತೋ! ಮಾರುದ್ದ ಹೆಜ್ಜೆ, ಹಿಮ್ಮಡಿ ದಬಾರನೆ ನೆಲಕ್ಕೆ, ಏಟು ನೇರವಾಗಿ ಮಂಡಿಗೆ.

ಆಗ ಪೇಪರಿನಲ್ಲಿ ಓದಿದೆ: ಬರಿಗಾಲಾದರೆ ಹೆಜ್ಜೆ ಚಿಕ್ಕದಾಗುತ್ತದಂತೆ, ಪಾದದ ಮುಂಭಾಗ ಮೊದಲು ಊರುತ್ತದಂತೆ, ಮಂಡಿಗೆ ಪೆಟ್ಟು ಕಡಿಮೆಯಂತೆ. ಮರುದಿನವೇ ಬೂಟು ಮೂಲೆ ಸೇರಿತು.

"ತಾಲ್ಲೂಕಾಫೀಸು ಗುಮಾಸ್ತರು ಬರಿಗಾಲಲ್ಲಿ ಹೋದ್ರೆ, ನಾನೇ ಮನೆಯಿಂದ ಓಡಿಸಿದೀನಿ ಅಂತಾರೆ ಕಣ್ರೀ!"

"ಅಂದ್ರೆ ಅನ್ಲಿ ಬುಡೇ. ಮಂಡಿ ನಂದು."

ತಿಂಗಳಲ್ಲಿ ನೋವು ಇಳಿಯಿತು. ಆದರೆ ಹಿಮ್ಮಡಿ ಊರುವುದನ್ನೇ ಕಾಲು ಮರೆತುಬಿಟ್ಟಿತು.

ಒಂದು ಭಾನುವಾರ ವನಜಾಕ್ಷಿ ಅಡುಗೆಮನೆ ಒರೆಸಿ, ಬಟ್ಟೆ ಒಗೆಯಲು ಹಿತ್ತಲಿಗೆ ಹೋಗಿದ್ದಳು. ತೆಂಗಿನ ತೋಟ ಸುತ್ತಿ ಬಂದ ನಾನು ಸದ್ದಿಲ್ಲದೆ ಒಳಹೊಕ್ಕು, ಕೊಬ್ಬರಿ ಮಿಠಾಯಿಯ ಡಬ್ಬಿಗೆ ಕೈಹಾಕಿ ನಾಲ್ಕು ತುಂಡು ನುಂಗಿ (ನಡೆಯುವವನಿಗೆ ಶಕ್ತಿ ಬೇಡವೇ?), ಬೀದಿಯಲ್ಲಿ ಒಂದು ಸುತ್ತು ಹಾಕಿ ಸಭ್ಯಸ್ಥನಂತೆ ಮರಳಿದೆ. ನೋಡಿದರೆ ಅಡುಗೆಮನೆಯಲ್ಲಿ ಜನವೋ ಜನ.

"ಕಳ್ಳ ಬಂದಿದ್ದ ಕಣ್ರೀ! ಹೆಜ್ಜೆ ನೋಡಿ!" ಎಂದಳು ವನಜಾಕ್ಷಿ.

ಬಾಗಿಲಿನಿಂದ ಡಬ್ಬಿಯವರೆಗೆ ಮಣ್ಣಿನ ಗುರುತು. ಬೆರಳುಗಳಿವೆ, ಹಿಮ್ಮಡಿಯೇ ಇಲ್ಲ!

"ಕಳ್ಳ ಅಲ್ಲ, ದೆವ್ವ ಕಣವ್ವಾ" ಎಂದು ಎದುರುಮನೆ ಪುಟ್ಟಗೌರಮ್ಮ ನಡುಗಿದರು.

ಪಕ್ಕದ ಮನೆಯ ಮೆಕ್ಯಾನಿಕ್ ಮುನಾವರ್ ಕುಕ್ಕರಗಾಲಲ್ಲಿ ಕೂತು, ಸವೆದ ಟೈರು ನೋಡುವಂತೆ ಗುರುತುಗಳನ್ನು ನೋಡಿದ. ಆಮೇಲೆ ನನ್ನ ಮಣ್ಣುಗಾಲನ್ನು ನೋಡಿದ.

"ಸಾರ್, ನೀವೊಂಚೂರು ನಡೀರಿ."

"ನಾನ್ಯಾಕಪ್ಪ ನಡೀಲಿ?"

"ನಡೀರಿ ಅಂದ್ರೆ ನಡೀರಿ!" ವನಜಾಕ್ಷಿಯ ದನಿ ಬದಲಾಗಿತ್ತು.

ಹಿಮ್ಮಡಿ ಬಲವಾಗಿ ಊರಿ ಸಿಪಾಯಿಯಂತೆ ಹೊರಟೆ. ಮೊದಲ ಹೆಜ್ಜೆ ದಾಟಿತು. ಎರಡನೆಯದಕ್ಕೆ ಗಟ್ಟಿ ನೆಲ ಮಂಡಿಗೆ ಗುದ್ದಿತು. ಮೂರನೆಯದಕ್ಕೆ ನನ್ನ ಅಪ್ಪಣೆಯನ್ನೂ ಕೇಳದೆ ಹಿಮ್ಮಡಿ ತಾನಾಗಿ ಮೇಲೆದ್ದಿತು! ಹಳೆಯ ಗುರುತಿನ ಪಕ್ಕದಲ್ಲೇ ಅದರ ಅವಳಿ ಮೂಡಿತು.

ಪುಟ್ಟಗೌರಮ್ಮ, "ಥೂ, ದೆವ್ವಾನೇ ಆಗಿದ್ರೆ ಎಷ್ಟೋ ವಾಸಿಯಿತ್ತು" ಎಂದರು.

ವನಜಾಕ್ಷಿ ಡಬ್ಬಿ ಇಳಿಸಿ, ಉಳಿದ ಮಿಠಾಯಿಯನ್ನೆಲ್ಲ ಬಂದವರಿಗೆ ಹಂಚತೊಡಗಿದಳು. ಮಾನ ಹೇಗೂ ಹೋಗಿತ್ತಲ್ಲ, ನಾನೂ ಕೈಚಾಚಿದೆ.

ಅಂಗೈಗೆ ಬಂದು ಬಿದ್ದದ್ದು ನೆಲ ಒರೆಸುವ ಬಟ್ಟೆ.