ಇನ್ನೂರು ಹಪ್ಪಳ, ನಾಲ್ಕು ನಿಷೇಧ

ನನಗೆ ಓದು ಬರುವುದು ಗೋಡೆಬರಹದಷ್ಟು. ದಾವಣಗೆರೆಯ ಒಂದು ಓಣಿಯಲ್ಲಿ ‘ಮೂತ್ರ ವಿಸರ್ಜನೆ ನಿಷೇಧ’ ಎಂದು ಅಕ್ಷರ ಕೂಡಿಸಿ ಓದಿದ್ದೆ. ಕೆಳಗೆ ನಾಲ್ವರು ಸಾಲಾಗಿ ನಿಂತಿದ್ದರು. ನಿಷೇಧ ಎಂದರೆ ದೊಡ್ಡವರು ಬರೆಯುವುದು, ಉಳಿದವರು ಅದರ ಕೆಳಗೆ ನಿಲ್ಲುವುದು ಎಂದು ಅಂದೇ ಅರ್ಥವಾಯಿತು.

ಈ ಬೇಸಿಗೆಯಲ್ಲಿ ಆ ಪದ ಹರಿಹರದ ನಮ್ಮ ಮನೆಯ ಮಾಳಿಗೆ ಹತ್ತಿತು. ಬಸುರಿ ಮೊಮ್ಮಗಳ ಕುಬಸಕ್ಕೆ ಮಲೆಬೆನ್ನೂರಿನ ಬೀಗರ ಮನೆಗೆ ಇನ್ನೂರು ಹಪ್ಪಳ ಒಯ್ಯಬೇಕಿತ್ತು. ಅಂಗಡಿ ಹಪ್ಪಳ ಒಯ್ದರೆ ನಾನು ಮುಖ ಎಲ್ಲಿಡಲಿ? ಹಿಟ್ಟು ಕುಟ್ಟಿ, ಲಟ್ಟಿಸಿ ಆಗಿತ್ತು. ಬಿಸಿಲು ಮಾತ್ರ ಬಾಕಿ.

ಮಾಳಿಗೆ ನಮಗೂ ಮೈದುನನಿಗೂ ವ್ಯಾಜ್ಯದಲ್ಲಿದೆ. “ಅತ್ತಿಗೆಮ್ಮ, ಕೋರ್ಟಿನ ನಿಷೇಧ ಐತೆ, ಕಾಲಿಡಬ್ಯಾಡ್ರಿ” ಎಂದ. ಅವನ ಲುಂಗಿ ಅಲ್ಲೇ ಒಣಗುತ್ತಿತ್ತು. ಲುಂಗಿಯ ಬಗ್ಗೆ ಕೋರ್ಟು ಏನೂ ಹೇಳಿಲ್ಲವಂತೆ. ಅಷ್ಟರಲ್ಲಿ ಗುಡಿ ಪೂಜಾರಿ ಬಂದು, ಆವರಗೆರೆಯ ದಾಯಾದಿ ಸತ್ತ ಸೂತಕವಿದೆ, ಹಪ್ಪಳ ಶಾಸ್ತ್ರದಲ್ಲಿ ನಿಷೇಧ ಎಂದ. ಸತ್ತವನು ಬದುಕಿದ್ದಾಗ ನಮ್ಮ ಮನೆಯ ನೀರು ಮುಟ್ಟಿದವನಲ್ಲ. ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಮಿಲಿಟರಿ ನಿವೃತ್ತರಂತೂ ಮೆಟ್ಟಿಲಿಗೆ ಹಗ್ಗವನ್ನೇ ಕಟ್ಟಿದ್ದರು. “ಇದು ನಿಷೇಧಿತ ಪ್ರದೇಶ ಅಮ್ಮಾ, ದಾಟಂಗಿಲ್ಲ.”

“ಹಗ್ಗ ಗಟ್ಟಿ ಐತೇನಪ್ಪ? ನಾಳೆ ಸೀರೆ ಒಣಹಾಕ್ತೀನಿ” ಎಂದು ಅಡಿಯಲ್ಲಿ ನುಸುಳಿದೆ. ಮೂರೂ ನಿಷೇಧ ತುಳಿದು ಹಪ್ಪಳ ಹರವಿ ಬಂದೆ. ಇಳಿದಾಗ ಮಂಡಿ ಹಿಡಿದುಕೊಂಡಿತು.

ಕೂತಲ್ಲಿಂದಲೇ ಸೊಸೆಗೆ ಹೇಳಿದೆ: “ನೀ ಹೊರಗಾಗೀಯ, ಹಪ್ಪಳ ಮುಟ್ಟಬ್ಯಾಡ. ಕೆಂಪಾಗ್ತಾವೆ.”

ಸಂಜೆ ನಾಲ್ಕಕ್ಕೆ ಹನಿ ಬಿತ್ತು. ನನಗೆ ಏಳಲಾಗಲಿಲ್ಲ. ಮೈದುನ ಓಡಿ ಲುಂಗಿಯಷ್ಟನ್ನೇ ತಂದ, ಹಪ್ಪಳಕ್ಕೆ ಕೋರ್ಟು ಅಡ್ಡ ಬಂತು. ಮಿಲಿಟರಿಯವರು ಹಗ್ಗ ಕಾಯುತ್ತಿದ್ದರು. ಸೊಸೆ ಮೆಟ್ಟಿಲ ಬುಡದಲ್ಲಿ ಕೈಕಟ್ಟಿ ನಿಂತಿದ್ದಳು.

“ಲಗೂನ ಎತ್ಕೊಂಡು ಬಾರವ್ವ.”

“ನಿಷೇಧ ಐತಲ್ಲರಿ ಅತ್ತೆ.”

“ಯಾರದ್ದು?”

“ನಿಮ್ಮದೇ ರಿ.”

“ತೆಗೆದೀನಿ, ಹೋಗು.”

ಒಂದೂ ನೆನೆಯದಂತೆ ತಂದಳು. ಕುಬಸದ ದಿನ ಬೀಗರು ಹೊಗಳಿ ಹೊಗಳಿ ತಿಂದರು. ಒಂದು ಹಪ್ಪಳವೂ ಕೆಂಪಾಗಿರಲಿಲ್ಲ. ಸೊಸೆ ಪ್ರತಿಯೊಂದನ್ನೂ ನನ್ನ ಮುಖದೆದುರು ಹಿಡಿದೇ ಬಡಿಸಿದಳು.

ಉಪ್ಪಿನಕಾಯಿ ಜಾಡಿಯ ಮೇಲೆ ನನ್ನ ನಿಷೇಧ ಇನ್ನೂ ಇದೆ. ಜಾಡಿ ಒಳಗಿರುತ್ತದೆ, ಮಳೆಗೆ ಸಿಗುವುದಿಲ್ಲ.